ಹಾಡಿಗೆ ಸ್ವರ್ಗದ ಸಾಕ್ಷಿ



ದೇವದೂತರು ಹಾಡುತ್ತಾರೆ ಎಂಬುದು ಮಧ್ಯಯುಗದ ಕ್ರೈಸ್ತರಿಗೆ ಬರೀ ಕವಿಕಲ್ಪನೆಯಾಗಿರಲಿಲ್ಲ. ಯೆಶಾಯ ಪ್ರವಾದಿಯ ದರ್ಶನದಲ್ಲಿ ಸೆರಾಫಿಯರೆಂಬ ದೇವದೂತರು ದೇವರನ್ನು ಮೂರು ಸಲ ಪವಿತ್ರನೆಂದು ಸಾರುತ್ತಾರೆ. ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿ ಅದನ್ನೇ ಹಾಡುವಾಗ ತಮ್ಮ ದನಿ ಸ್ವರ್ಗದ ಮೇಳವನ್ನು ಕೂಡಿಕೊಂಡಿತೆಂದು ಭಕ್ತರು ನಂಬಿದ್ದರು. ಕನ್ನಡದ ಬಲಿಪೂಜೆಯಲ್ಲೂ ಆ ಸ್ತುತಿ ಇಂದಿಗೂ ಉಂಟು.

ಹಾಡಿಗೆ ಕುತ್ತು ಬಂದಾಗ ಈ ನಂಬಿಕೆಯೇ ವಾದವಾಗಿ ನಿಂತಿತು. ಕಲಬುರಗಿಯಿಂದ ಕಮಲಾಪುರದ ದಾರಿ ಹಿಡಿದು ಹುಮನಾಬಾದ್ ದಾಟಿದರೆ ಸಿಗುವ ಕಲ್ಯಾಣದಲ್ಲಿ ಶರಣರು ಕೂಡಿದ್ದ 12ನೇ ಶತಮಾನದಲ್ಲೇ, ಜರ್ಮನಿಯ ಬಿಂಗೆನ್ ಬಳಿ ಹಿಲ್ಡೆಗಾರ್ಡ್ ಎಂಬ ಸನ್ಯಾಸಿನಿ ಮಠ ಕಟ್ಟಿ, ತಾನೇ ಗೀತೆಗಳಿಗೆ ರಾಗ ಹಾಕುತ್ತಿದ್ದಳು. ಬಹಿಷ್ಕೃತನಾಗಿದ್ದ ಒಬ್ಬನ ಶವವನ್ನು ಮಠದ ಸ್ಮಶಾನದಲ್ಲಿ ಹೂಳಿದ್ದಕ್ಕೆ 1178ರಲ್ಲಿ ಮೈನ್ಸಿನ ಧರ್ಮಾಧಿಕಾರಿಗಳು ಅಲ್ಲಿ ಹಾಡುವುದನ್ನೇ ನಿಷೇಧಿಸಿದರು. ಸಾಯುವ ಮೊದಲೇ ಚರ್ಚು ಅವನನ್ನು ಕ್ಷಮಿಸಿತ್ತು ಎಂಬುದು ಅವಳ ಉತ್ತರ. ಎಂಬತ್ತರ ಆ ಮುದುಕಿ ಅವರಿಗೆ ಪತ್ರ ಬರೆದಳು: ಪಾಪಕ್ಕೆ ಬೀಳುವ ಮುನ್ನ ಆದಾಮನ ಕಂಠ ದೇವದೂತರ ಕಂಠದೊಡನೆ ಬೆರೆಯುತ್ತಿತ್ತು; ನಾವು ಹಾಡುವುದು ಆ ಕಳೆದ ದನಿಯನ್ನು ನೆನೆಯುವುದಕ್ಕೆ; ಅದನ್ನು ತಡೆಯುವವರು ಯಾರ ಕೆಲಸ ಮಾಡುತ್ತಿದ್ದಾರೆಂದು ಯೋಚಿಸಲಿ. 1179ರಲ್ಲಿ ನಿಷೇಧ ತೆರವಾಯಿತು. ಅದೇ ವರ್ಷ ಅವಳು ತೀರಿಕೊಂಡಳು.

ಚಿತ್ರಕಾರರು ಈ ಸ್ವರ್ಗದ ಮೇಳವನ್ನು ನೆಲಕ್ಕೇ ಇಳಿಸಿದರು. ಗೆಂಟ್ ನಗರದ ಚರ್ಚಿಗಾಗಿ ಯಾನ್ ವಾನ್ ಐಕ್ 1432ರಲ್ಲಿ ಮುಗಿಸಿದ ಪೂಜಾಪೀಠದ ಚಿತ್ರದಲ್ಲಿ ಹಾಡುವ ದೂತರಿಗೆ ರೆಕ್ಕೆಯೇ ಇಲ್ಲ. ಹುಬ್ಬು ಗಂಟಿಕ್ಕಿದೆ, ಬಾಯಿಗಳು ಬೇರೆಬೇರೆ ರೀತಿ ತೆರೆದಿವೆ. ಸ್ವರ ಹಿಡಿಯುವ ಶ್ರಮ ದೇವದೂತರಿಗೂ ತಪ್ಪಿಲ್ಲ!

ಆ ಚಿತ್ರ ಮುಗಿಯುವ ಹತ್ತು ವರ್ಷ ಮೊದಲು, 1422ರಲ್ಲಿ, ನಮ್ಮ ಕಲಬುರಗಿಯಲ್ಲಿ ಖಾಜಾ ಬಂದೇನವಾಜರು ದೇಹಬಿಟ್ಟರು. ಫಿರೋಜ್ ಷಾ ಬಹಮನಿಯ ಕಾಲದಲ್ಲಿ ದಿಲ್ಲಿಯಿಂದ ಬಂದ ಈ ಚಿಷ್ತಿ ಪಂಥದ ಸೂಫಿ ಗುರುಗಳಿಗೆ ಸಮಾ, ಅಂದರೆ ಸಂಗೀತ ಕೇಳುವ ಗೋಷ್ಠಿ, ಸಾಧನೆಯ ಭಾಗ. ಸಂಗೀತ ಧರ್ಮಸಮ್ಮತವೇ ಎಂಬ ತಕರಾರು ಇಲ್ಲಿಯೂ ಇತ್ತು. ಸೂಫಿಗಳ ಪ್ರಸಿದ್ಧ ಉತ್ತರ ಹಿಲ್ಡೆಗಾರ್ಡಳ ಮಾತಿಗೆ ಹತ್ತಿರದ್ದು: ಹುಟ್ಟುವ ಮೊದಲೇ ಆತ್ಮಗಳು ದೇವರ ಕರೆ ಕೇಳಿದ್ದವು, ಇಂಪಾದ ನಾದ ಅದನ್ನೇ ನೆನಪಿಸುತ್ತದೆ.

ಆದರೆ ವ್ಯತ್ಯಾಸವೂ ಇದೆ. ಹಿಲ್ಡೆಗಾರ್ಡ್ ವಾದಿಸಿದ್ದು ಹಾಡುವವರ ಪರವಾಗಿ. ಸೂಫಿಗಳು ಹೊಣೆಯನ್ನು ಕೇಳುವವರ ಮೇಲೂ ಹೊರಿಸಿದರು: ಕಾಲ, ಸ್ಥಳ, ಸಂಗಾತಿಗಳು ಸರಿಯಿರಬೇಕು, ಮನಸ್ಸು ಶುದ್ಧವಿರಬೇಕು. ಹಾಡು ಒಳ್ಳೆಯದೋ ಕೆಟ್ಟದೋ ಎಂದು ತೀರ್ಪು ಕೊಡುವ ಮೊದಲು ನಮ್ಮ ಕಿವಿಯ ಯೋಗ್ಯತೆಯನ್ನು ನಾವೇ ಕೇಳಿಕೊಳ್ಳಬೇಕು. ಇದು ಈ ಸಭೆಗೂ ಸಲ್ಲುವ ಮಾತು.