ಸುಟ್ಟ ಡಿಸ್ಕ್ ಕಲಿಸುವ ಪಾಠ



2003ರ ಫೆಬ್ರವರಿ 1ರಂದು ಅಮೆರಿಕದ ಕೊಲಂಬಿಯಾ ಗಗನನೌಕೆ ಭೂಮಿಗೆ ಮರಳುತ್ತಿದ್ದಾಗ ಛಿದ್ರವಾಯಿತು. ಭಾರತದಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಪ್ರಾಣ ಕಳೆದುಕೊಂಡರು. ಅವರು ನಡೆಸಿದ ಪ್ರಯೋಗಗಳಲ್ಲಿ ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಅಳೆಯುವುದೂ ಒಂದು. ಅದರ ಮಾಹಿತಿಯನ್ನು ಹೊತ್ತ ಹಾರ್ಡ್ ಡಿಸ್ಕ್ ಅವಶೇಷಗಳ ನಡುವೆ ಸಿಕ್ಕಿತು. ಹೊರಭಾಗ ಸುಟ್ಟಿತ್ತು, ಒಳಗೆ ಧೂಳು ಸೇರಿತ್ತು. ಆದರೂ ತಜ್ಞರು ಅದರಿಂದ ಸುಮಾರು 99 ಶೇಕಡ ಮಾಹಿತಿಯನ್ನು ಹೊರತೆಗೆದರು. ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಇದು ಹೇಗೆ ಸಾಧ್ಯವಾಯಿತು? ಹಾರ್ಡ್ ಡಿಸ್ಕ್‌ನೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳಿರುತ್ತವೆ. ಅವು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವುದು ಸಾಮಾನ್ಯ. ಮಾಹಿತಿಯು ಅವುಗಳ ಮೇಲೆ ಕಾಂತೀಯ ಗುರುತುಗಳಾಗಿ ಉಳಿದಿರುತ್ತದೆ. ಅದನ್ನು ಓದುವ ಪುಟ್ಟ ಶಿರವು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ತೇಲುತ್ತದೆ. ಅದಕ್ಕೆ ಧೂಳಿನ ಒಂದು ಕಣವೂ ಬಂಡೆಯೇ ಸರಿ. ಆದ್ದರಿಂದಲೇ ಇದನ್ನು ಧೂಳಿಲ್ಲದ ವಿಶೇಷ ಕೊಠಡಿಯಲ್ಲಿ ಮಾತ್ರ ತೆರೆಯುತ್ತಾರೆ.

ಕೊಲಂಬಿಯಾದ ಡಿಸ್ಕ್‌ನ ತಟ್ಟೆಗಳು ಸೊಟ್ಟಗಾಗಿರಲಿಲ್ಲ. ಧೂಳು ಗೀರಿದ ಜಾಗದಲ್ಲಿ ಮಾಹಿತಿ ಇರಲಿಲ್ಲ. ತಜ್ಞರು ತಟ್ಟೆಗಳನ್ನು ರಾಸಾಯನಿಕದಿಂದ ತೊಳೆದು ಬೇರೊಂದು ಡ್ರೈವ್‌ಗೆ ಜೋಡಿಸಿದರು. ಅದೇ ನೌಕೆಯ ಇನ್ನೆರಡು ಡಿಸ್ಕ್‌ಗಳಿಂದ ಏನೂ ಸಿಗಲಿಲ್ಲ. ಅತಿಯಾದ ಶಾಖಕ್ಕೆ ಕಾಂತತ್ವವೇ ಅಳಿದರೆ ಯಾವ ಕೌಶಲವೂ ಫಲಿಸದು.

ಎಲೆಕ್ಟ್ರಾನಿಕ್ ಬೋರ್ಡಿನ ದುರಸ್ತಿಯೂ ಸುಲಭವಲ್ಲ. ಅದೇ ಮಾದರಿಯ ಬೇರೆ ಬೋರ್ಡನ್ನು ಹಾಕಿದರೂ ಡಿಸ್ಕ್ ನಡೆಯದಿರಬಹುದು. ಏಕೆಂದರೆ ಆಯಾ ಡಿಸ್ಕ್‌ಗೆ ಮಾತ್ರ ಹೊಂದುವ ಅಳತೆಗಳು ಹಳೆಯ ಬೋರ್ಡಿನ ಚಿಪ್‌ನಲ್ಲಿರುತ್ತವೆ. ಆ ಚಿಪ್ಪನ್ನು ಬಿಸಿಮಾಡಿ ಬಿಡಿಸಿ ಹೊಸದಕ್ಕೆ ಬೆಸೆಯಬೇಕು. ಇಂದಿನ ಮೊಬೈಲ್‌ಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಮಾಹಿತಿ ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಪ್ರೊಸೆಸರ್‌ಗೆ ಅಂಟಿಕೊಂಡಿರುತ್ತದೆ. ಮೆಮೊರಿ ಚಿಪ್ಪನ್ನಷ್ಟೇ ಕಿತ್ತು ಓದಿದರೆ ಪ್ರಯೋಜನವಿಲ್ಲ.

ಹಾಗಾದರೆ ನೀವು ಮಾಡಬೇಕಾದುದೇನು? ಡಿಸ್ಕ್‌ನಿಂದ 'ಟಕ್ ಟಕ್' ಸದ್ದು ಬಂದರೆ ಕೂಡಲೇ ಆರಿಸಿ. ಮೊಬೈಲ್ ನೀರಿಗೆ ಬಿದ್ದರೆ ಚಾರ್ಜಿಗೆ ಹಾಕಬೇಡಿ. ಹಾರ್ಡ್ ಡಿಸ್ಕ್‌ನಲ್ಲಿ ಫೈಲು ಅಳಿಸಿಹೋದರೆ ಅದರ ಮೇಲೆ ಬೇರೇನನ್ನೂ ಬರೆಯಬೇಡಿ. ಪುಸ್ತಕದ ಪರಿವಿಡಿ ಹರಿದರೂ ಪುಟಗಳು ಉಳಿದಿರುವಂತೆ ಮಾಹಿತಿ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ನುರಿತ ತಂತ್ರಜ್ಞ ಮೊದಲು ಇಡೀ ಡಿಸ್ಕ್‌ನ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಕೆಲಸ ಮಾಡುತ್ತಾನೆ.

ಎಲ್ಲಕ್ಕಿಂತ ಮಿಗಿಲಾಗಿ, ನಿಮ್ಮ ಪ್ರಬಂಧ, ಮನೆಯವರ ಭಾವಚಿತ್ರ ಯಾವುದೇ ಇರಲಿ, ಇಂದೇ ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡಿ.