ಹೊಸ ಸೌದೆ ಒಲೆ: ಅದನ್ನು ಹಾಕಿಸುವ ಮತ್ತು ಉರಿಸುವ ಕ್ರಮ

(ಅರಸೀಕೆರೆ, ಬೇಲೂರು, ಹಳೇಬೀಡು ಪ್ರಾಂತದ ಹಿಡುವಳಿದಾರರನ್ನೂ ಗ್ರಾಮದ ಮುಖಂಡರನ್ನೂ ಉದ್ದೇಶಿಸಿದ ಉಪನ್ಯಾಸ)



ಹೊಲಕ್ಕೆ ಹೊಸ ನೇಗಿಲನ್ನು ಕೊಳ್ಳುವ ಯಜಮಾನನು ನಾಲ್ಕು ಕಡೆ ವಿಚಾರಿಸಿ, ತನ್ನ ಎತ್ತುಗಳ ಶಕ್ತಿಗೂ ನೆಲದ ಗುಣಕ್ಕೂ ಅದು ತಕ್ಕುದೇ ಎಂದು ನೋಡಿದ ಮೇಲೆಯೇ ಹಣವನ್ನು ಬಿಚ್ಚುತ್ತಾನೆ. ನೇಗಿಲಿನ ಕೆಲಸ ವರ್ಷದಲ್ಲಿ ಕೆಲವು ವಾರಗಳು ಮಾತ್ರ. ಒಲೆಯ ಕೆಲಸವಾದರೋ ವರ್ಷದ ಎಲ್ಲ ದಿನಗಳಲ್ಲಿಯೂ ಉಂಟು. ಹಾಗಿದ್ದರೂ ಒಲೆಯ ವಿಷಯದಲ್ಲಿ ವಿಚಾರಣೆ ಮಾಡುವ ಯಜಮಾನರು ವಿರಳ. ಇದರಿಂದ ಆಗುವ ನಷ್ಟವನ್ನು ಮನೆಯ ಹೆಂಗಸರ ಕಣ್ಣೂ ಎದೆಯೂ, ತೋಟದ ಸೌದೆಯ ರಾಶಿಯೂ ಹೊತ್ತಿರುತ್ತವೆ.

ಮೂರು ಗುಂಡುಗಳ ಹಳೆಯ ಒಲೆಯಲ್ಲಿ ಸೌದೆಯ ಶಾಖದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದುದು ಗಾಳಿಗೂ ಗೋಡೆಗೂ ಹೋಗುತ್ತದೆ. ಅರಸೀಕೆರೆಯ ಕಡೆ ತೆಂಗಿನ ಗರಿ, ಹೊಂಬಾಳೆ, ಮಟ್ಟೆ, ಕೊಬ್ಬರಿ ತೆಗೆದ ಚಿಪ್ಪು ಇವೇ ಮುಖ್ಯ ಉರುವಲು. ಮಟ್ಟೆಗೆ ನಾರಿನವರಲ್ಲಿಯೂ ಚಿಪ್ಪಿಗೆ ಇದ್ದಲಿನವರಲ್ಲಿಯೂ ಬೆಲೆಯುಂಟು. ಆದುದರಿಂದ ಒಲೆಯಲ್ಲಿ ವ್ಯರ್ಥವಾಗಿ ಉರಿದುದು ಕೈಗೆ ಬರಬೇಕಾಗಿದ್ದ ಹಣವೆಂದೇ ತಿಳಿಯಬೇಕು. ಬೇಲೂರಿನ ಮಲೆನಾಡಿನ ಅಂಚಿನಲ್ಲಿ ಕಾಫಿ ತೋಟದ ಕಸಿಯ ಕಡ್ಡಿಯೂ ಮರಗಸಿಯ ಕೊಂಬೆಯೂ ಹೇರಳವಾಗಿ ದೊರೆಯುತ್ತವೆ. ಆದರೆ ಮಳೆಗಾಲದಲ್ಲಿ ಒಣಗಿದ ಸೌದೆ ಸಿಕ್ಕುವುದು ಕಷ್ಟ. ಹಳೇಬೀಡಿನ ಸುತ್ತಿನ ಬಯಲಿನಲ್ಲಿ ಮರ ಕಡಮೆ. ಕಾಳು ಬಿಡಿಸಿದ ಜೋಳದ ದಿಂಡು, ತೊಗರಿಯ ಕಡ್ಡಿ ಮುಂತಾದುವನ್ನೇ ನೆಚ್ಚಬೇಕು.

ಅನಿಲದ ಒಲೆ ಬಂದಿರುವಾಗ ಸೌದೆಯ ಮಾತೇಕೆ ಎಂದು ಕೇಳಬಹುದು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನೇಕ ಬಡವರ ಮನೆಗಳಿಗೂ ಸಿಲಿಂಡರು ಬಂದಿರುವುದು ನಿಜ. ಅನಿಲವಿರುವವರು ಅದನ್ನು ಬಿಡಬೇಕೆಂದು ಈ ಉಪನ್ಯಾಸದ ಆಶಯವಲ್ಲ. ಆದರೆ ಬಚ್ಚಲ ಹಂಡೆ, ಆಳುಕಾಳುಗಳ ಮುದ್ದೆ, ಹಬ್ಬದ ಅಡಿಗೆ ಇವುಗಳಿಗೆ ತೋಟದ ಸೌದೆಯನ್ನೇ ಉರಿಸುವ ಮನೆಗಳು ಇನ್ನೂ ಬಹಳ. ಸೌದೆ ಉರಿಯುವವರೆಗೆ ಅದು ಸರಿಯಾಗಿ ಉರಿಯಲಿ ಎಂಬುದೇ ಇಲ್ಲಿಯ ಮಾತು.

ಈ ಕೆಲಸಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಒಳ್ಳೆಯ ಒಲೆ ಸಿದ್ಧವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ ಎನ್. ರೆಡ್ಡಿಯವರ ಮುಂದಾಳುತನದಲ್ಲಿ, ಗ್ರಾಮಗಳ ಉಪಯೋಗಕ್ಕಾಗಿ ‘ಅಸ್ತ್ರ’ ಎಂಬ ವಿಭಾಗವು ಸ್ಥಾಪಿತವಾಯಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಗ್ರಾಮಕೇಂದ್ರವಿದ್ದಿತು. ಆ ತಾಲ್ಲೂಕಿನ ಹಳ್ಳಿಗಳನ್ನು ಪರಿಶೀಲಿಸಿದಾಗ, ಅಲ್ಲಿ ಬಳಕೆಯಾಗುವ ಶಕ್ತಿಯಲ್ಲಿ ಬಹುಪಾಲು ಸೌದೆಯಿಂದಲೇ ಬರುವುದೆಂದು ಕಂಡುಬಂದಿತು. ಆ ಬಳಿಕ 1980ರ ದಶಕದಲ್ಲಿ ರೂಪುಗೊಂಡುದೇ ಮೂರು ಪಾತ್ರೆಗಳ ‘ಅಸ್ತ್ರ ಒಲೆ’. ಪ್ರಯೋಗಗಳಲ್ಲಿ ಇದು ಸೌದೆಯ ಶಾಖದ ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದಷ್ಟನ್ನು ಪಾತ್ರೆಗಳಿಗೆ ಸೇರಿಸಿತು.

ಅದರ ತತ್ವ ಸರಳವಾದುದು. ಉರಿಯುವ ಗೂಡು ಮುಚ್ಚಿದುದು. ಸೌದೆಯು ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ. ಗಾಳಿಯು ಜಾಲರಿಯ ಕೆಳಗಿನಿಂದ ಬೇಕಾದಷ್ಟೇ ಬರುತ್ತದೆ. ಜ್ವಾಲೆ ಮೊದಲನೆಯ ಪಾತ್ರೆಯನ್ನು ಕಾಯಿಸಿ, ಬಿಸಿ ಹೊಗೆ ಎರಡನೆಯ ಮತ್ತು ಮೂರನೆಯ ಪಾತ್ರೆಗಳ ಕೆಳಗೆ ಹಾದು, ಕೊನೆಗೆ ಕೊಳವೆಯ ಮೂಲಕ ಮಾಡಿನ ಮೇಲಕ್ಕೆ ಹೋಗುತ್ತದೆ. ಹಳೆಯ ಕೋಡೊಲೆಯಲ್ಲಿ ಎರಡನೆಯ ಪಾತ್ರೆಗೆ ಸಿಕ್ಕುವ ಪಾಲನ್ನೇ ಇಲ್ಲಿ ಕ್ರಮಪಡಿಸಿದೆ.

ಹಾಗಾದರೆ ಇಂತಹ ಒಲೆಗಳು ಎಲ್ಲೆಡೆ ಏಕೆ ಉಳಿಯಲಿಲ್ಲ? 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾಗಿ 2002ರಲ್ಲಿ ಮುಗಿಯಿತು. ಅಷ್ಟರೊಳಗೆ ದೇಶದಲ್ಲಿ ಮೂರು ಕೋಟಿಗೂ ಮಿಕ್ಕಿ ಒಲೆಗಳನ್ನು ಹಾಕಿದುದಾಗಿ ಲೆಕ್ಕವಿದೆ. ಆದರೆ ಬಹಳ ಕಡೆ ಹಾಕಿದ ಒಲೆಗಳನ್ನು ಎಣಿಸಿದರೇ ಹೊರತು ಉರಿಯುತ್ತಿರುವ ಒಲೆಗಳನ್ನು ಎಣಿಸಲಿಲ್ಲ. ಅಳತೆ ತಪ್ಪಿದುವು, ಕೊಳವೆ ಕಟ್ಟಿದುವು, ಕಲಿಸುವವರಿಲ್ಲದೆ ಒಡೆದುಹಾಕಿದುವು ಅನೇಕ. ಗಾರೆಯವನು ಕರಣೆ ತೊಳೆದು ಹೊರಟಾಗ ಒಲೆ ಹಾಕಿದಂತೆ ಆಗಲಿಲ್ಲ. ಮನೆಯೊಡತಿಯ ಕೈಗೆ ಅದು ಪಳಗಿದಾಗಲೇ ಆಯಿತೆಂದು ತಿಳಿಯಬೇಕು.

ಹಾಕಿಸುವ ಕ್ರಮ. ಮೊದಲು ಮನೆಯೊಡತಿಯನ್ನು ಕೇಳತಕ್ಕದ್ದು: ಯಾವ ಪಾತ್ರೆಯಲ್ಲಿ ಮುದ್ದೆ, ಯಾವುದರಲ್ಲಿ ಸಾರು, ಕುಳಿತು ಮಾಡುವರೋ ನಿಂತು ಮಾಡುವರೋ. ಆ ಪಾತ್ರೆಗಳನ್ನೇ ಮುಂದಿಟ್ಟುಕೊಂಡು ಒಲೆಯ ಬಾಯಿಗಳನ್ನು ಅಳೆಯಬೇಕು. ಹಳೇಬೀಡಿನ ಗುಡಿಯಲ್ಲಿ ಕಲ್ಲಿಗೆ ಕಲ್ಲು ಕೂಡಿರುವಂತೆ ಪಾತ್ರೆಯು ಬಾಯಿಗೆ ಕೂಡಿರಬೇಕು. ಸಂದಿದ್ದರೆ ಅಲ್ಲಿಂದಲೇ ಹೊಗೆ ಹೊರಡುವುದು. ಪಾತ್ರೆ ಹೀಗೆ ಒಳಕ್ಕೆ ಇಳಿದು ಕುಳಿತರೆ ಹಿಟ್ಟು ತೊಳಸುವಾಗ ಅಲುಗುವುದೂ ಇಲ್ಲ. ಹೊಗೆಕೊಳವೆ ಮಾಡಿಗಿಂತ ಎರಡು ಮೂರು ಅಡಿ ಎತ್ತರವಾಗಿದ್ದು, ಮಳೆ ಬೀಳದಂತೆ ಅದಕ್ಕೆ ಮುಚ್ಚಳವಿರಬೇಕು. ಗರಿ ಅಥವಾ ಹುಲ್ಲಿನ ಮಾಡಿನಲ್ಲಿ ಕೊಳವೆ ಹಾಯುವ ಸ್ಥಳದ ಸುತ್ತ ಅಗಲವಾದ ತಗಡನ್ನು ಹಾಕಿಸದೆ ಇರಕೂಡದು. ಮಣ್ಣಿನ ಕೆಲಸ ಚೆನ್ನಾಗಿ ಒಣಗಿದ ಮೇಲೆ, ಮೊದಲು ಸಣ್ಣ ಉರಿ ಹಾಕಿ, ಅನಂತರ ದೊಡ್ಡ ಉರಿಗೆ ಬರಬೇಕು. ಅವಸರಪಟ್ಟರೆ ಒಲೆ ಸೀಳುವುದು.

ಉರಿಸುವ ಕ್ರಮ. ಸೌದೆ ಒಣಗಿದುದಾಗಿಯೂ, ಗೂಡಿನೊಳಗೆ ಅಡಗುವಷ್ಟು ಚಿಕ್ಕದಾಗಿಯೂ ಇರಬೇಕು. ಸೀಳುವ ಶ್ರಮ ಹೆಚ್ಚುವುದೆಂಬ ಆಕ್ಷೇಪಣೆ ನ್ಯಾಯವಾದುದೇ. ಆ ಶ್ರಮವನ್ನು ಗಂಡಸರು ವಹಿಸಿಕೊಳ್ಳುವುದು ಅದಕ್ಕೆ ಉತ್ತರ. ಬೇಲೂರಿನ ಕಡೆಯವರು ಮಳೆಗೆ ಮುಂಚೆ ಸೌದೆಯನ್ನು ಸೀಳಿ ಸೂರಿನಡಿ ಒಟ್ಟಬೇಕು. ಸೌದೆಯನ್ನು ಒಮ್ಮೆಗೇ ತುಂಬದೆ ಸ್ವಲ್ಪಸ್ವಲ್ಪವಾಗಿ ಇಡಬೇಕು. ಮೂರು ಬಾಯಿಗಳ ಮೇಲೂ ಪಾತ್ರೆಗಳಿರಬೇಕು. ಮೂರನೆಯದರಲ್ಲಿ ಬೇರೇನೂ ಇಲ್ಲದಿದ್ದರೆ ನೀರನ್ನಾದರೂ ಇಡತಕ್ಕದ್ದು. ಜಾಲರಿಯ ಕೆಳಗಿನ ಬೂದಿಯನ್ನು ದಿನವೂ ತೆಗೆಯಬೇಕು. ಕೊಳವೆಯ ಮಸಿಯನ್ನು ಹದಿನೈದು ದಿವಸಕ್ಕೋ ತಿಂಗಳಿಗೋ ಒಮ್ಮೆ ಕೆರೆಯಬೇಕು. ಹೊಗೆ ಅಡಿಗೆಮನೆಗೆ ತಿರುಗಿದರೆ ಒಲೆಯನ್ನು ಬೈಯುವ ಮೊದಲು ನಾಲ್ಕನ್ನು ನೋಡಬೇಕು: ಸೌದೆ ಹಸಿಯೇ, ಗೂಡು ತುಂಬಿದೆಯೇ, ಪಾತ್ರೆ ಕೂಡಿಲ್ಲವೇ, ಕೊಳವೆ ಕಟ್ಟಿದೆಯೇ.

ಇನ್ನೊಂದು ಆಕ್ಷೇಪಣೆಯನ್ನೂ ಹಿರಿಯರು ಹೇಳುವುದುಂಟು. ಹೊಗೆ ತಪ್ಪಿದರೆ ಅಟ್ಟದ ಮೇಲಿನ ಕೊಬ್ಬರಿಕಾಯಿಗೂ ಮಾಡಿನ ಗಳುಗಳಿಗೂ ಹುಳು ಹಿಡಿಯುವುದಂತೆ. ಹೊಗೆಗೆ ಆ ಗುಣವಿರುವುದು ಸುಳ್ಳಲ್ಲ. ಆದರೆ ಅದೇ ಹೊಗೆ ಹಸುಗೂಸುಗಳಿಗೆ ನ್ಯುಮೋನಿಯವನ್ನೂ, ಅಡಿಗೆ ಮಾಡುವವರಿಗೆ ಬಹುಕಾಲದ ಶ್ವಾಸರೋಗವನ್ನೂ ತರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಕಾಯಿಗೆ ಹೊಗೆ ಬೇಕಾದವರು ಅಟ್ಟವಿರುವ ಬೇರೆ ಕೊಟ್ಟಿಗೆಯಲ್ಲಿ ಹೊಗೆ ಹಾಕಬಹುದು. ಮಗುವಿನ ಎದೆಗೆ ಬೇರೆ ಕೊಟ್ಟಿಗೆಯಿಲ್ಲ.

ಹೊಸ ತಳಿಯನ್ನು ಒಂದು ಪಟ್ಟೆಯಲ್ಲಿ ಬಿತ್ತಿ ನೋಡುವಂತೆ, ಒಲೆಯನ್ನೂ ಊರಿನ ಒಂದೆರಡು ಮನೆಗಳಲ್ಲಿ ಮೊದಲು ನೋಡುವುದು ಲೇಸು. ಹಳೆಯ ಒಲೆಯಲ್ಲಿ ಏಳು ದಿವಸ, ಕೈ ಪಳಗಿದ ಮೇಲೆ ಹೊಸದರಲ್ಲಿ ಏಳು ದಿವಸ, ಅದೇ ಅಡಿಗೆಗೆ ಉರಿದ ಸೌದೆಯನ್ನು ತೂಗಿ ಗೋಡೆಯ ಮೇಲೆ ಬರೆದಿಡಲಿ. ಉಳಿತಾಯ ಕಂಡರೆ ನೆರೆಯವರು ತಾವೇ ಕೇಳಿಕೊಂಡು ಬರುವರು. ಶುದ್ಧವಾದ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದನ್ನು ತೆಂಗಿನ ಪಾತಿಗೆ ಸೇರಿಸತಕ್ಕದ್ದು.

ಗ್ರಾಮದ ಮುಖಂಡರು ಮಾಡಬೇಕಾದುದು ಇನ್ನೊಂದುಂಟು. ಒಲೆ ಹಾಕಿ ಮೂರು ತಿಂಗಳಾದ ಮೇಲೆ ಆ ಮನೆಗೆ ಹೋಗಿ, ಯಜಮಾನನನ್ನು ಬಿಟ್ಟು, ಒಲೆಯ ಮುಂದೆ ಕುಳಿತ ತಾಯಿಯನ್ನು ಕೇಳಲಿ. ಒಲೆ ಒಳ್ಳೆಯದೋ ಅಲ್ಲವೋ ಎಂಬ ತೀರ್ಪನ್ನು ಕೊಡುವ ಅಧಿಕಾರ ಆಕೆಯದು.