ಮೂರು ನೋಟ, ಒಂದೇ ತೀರ್ಮಾನ
(ಜೂನ್ 29: ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವ)



ಯೆಹೂದ್ಯರಲ್ಲದವರು ಕ್ರೈಸ್ತರಾಗಲು ಸುನ್ನತಿ ಬೇಕೇ? ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನಲ್ಲಿ ಸೇರಿದ ಸಭೆಯ ಮುಂದಿದ್ದ ಪ್ರಶ್ನೆಯಿದು. ಪ್ರೇಷಿತರ ಕಾರ್ಯಕಲಾಪಗಳ 15ನೇ ಅಧ್ಯಾಯ ನೋಡೋಣ. ಪವಿತ್ರಾತ್ಮರು ಅವರ ಮೇಲೂ ಇಳಿದುಬಂದುದನ್ನು ಪೇತ್ರರು ನೆನಪಿಸಿದರು. ಬಾರ್ನಬ, ಪೌಲರು ದೂರದೂರುಗಳಲ್ಲಿ ಕಂಡದ್ದನ್ನು ವಿವರಿಸಿದಾಗ ಇಡೀ ಸಭೆ ಮೌನವಾಗಿ ಆಲಿಸಿತು. ಯಕೋಬರು ಪ್ರವಾದಿಗಳ ವಾಕ್ಯದೊಡನೆ ಅದನ್ನು ತೂಗಿ, ಕೆಲವೇ ನಿಯಮಗಳನ್ನು ಸೂಚಿಸಿದರು. ಸುನ್ನತಿಯ ಹೊರೆ ಇಳಿಯಿತು, ಧರ್ಮಸಭೆ ಉಳಿಯಿತು.

ನಮ್ಮ ಧರ್ಮಕೇಂದ್ರದಲ್ಲೂ ಲೆಕ್ಕ ಬರೆಯುವವರಿಗೆ ಕಾಣುವುದು ಒಂದು, ಮನೆಮನೆಗೆ ಹೋಗುವ ಸಿಸ್ಟರಿಗೆ ಇನ್ನೊಂದು, ಗುರುಗಳಾದ ನಮಗೆ ಮತ್ತೊಂದು. ಯಾರೊಬ್ಬರಿಗೂ ಪೂರ್ತಿ ಕಾಣದು. ಮುಂದಿನ ಪಾಲನಾ ಸಮಿತಿಯಲ್ಲಿ ಉತ್ತರಿಸುವ ಮುನ್ನ ಎದುರಿನವರ ಮಾತು ಮುಗಿಯಲು ಬಿಡೋಣ. ಪೇತ್ರ, ಪೌಲರು ನಮಗಾಗಿ ಪ್ರಾರ್ಥಿಸಲಿ. ಆಮೆನ್.